ಕ್ಯಾಬಿನ್ನಿನಲ್ಲಿ ಸಂಸಾರ

ತಮ್ಮ ಸ್ವಂತ ಮನೆಯ ಕೋಣೆಯ ಬಾಗಿಲನ್ನು ಗುಮಾಸ್ತರು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ಒಳಗಿನಿಂದ "ಹೂಂ" ಎಂಬ ಸದ್ದು ಬರುವವರೆಗೂ ಕಾದರು. ಒಂದು ಕೈಯಲ್ಲಿ ಕಾಫಿ ಕಪ್ಪು, ಕಂಕುಳಲ್ಲಿ ಪೇಪರು. ಹೂಂ ಬಂದ ಮೇಲೆ ಬಾಗಿಲನ್ನು ಮೈ ತೂರುವಷ್ಟು ಮಾತ್ರ ತೆರೆದು, "ಬರಬಹುದಾ ಸರ್?" ಎಂದು ಇನ್ನೊಮ್ಮೆ ಕೇಳಿ ಒಳಗೆ ಹೋದರು.

ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಟೀಚರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಕಪ್ಪು ಅವರದು. ಕಾಫಿ ಅವರು ಮಾಡಿದ್ದು. ಪೇಪರಿನ ಮಡಿಕೆಯನ್ನು ಅವರಿನ್ನೂ ಬಿಚ್ಚಿಯೇ ಇರಲಿಲ್ಲ. ಕೋಣೆಯ ಮಾತಂತೂ ಬೇಡ; ಈ ಮನೆಯನ್ನು ಅವರು ಒಪ್ಪಿದ್ದೇ ಆ ಕೋಣೆಯ ಕಿಟಕಿಗಾಗಿ. ಈಗ ಅಲ್ಲಿ, ಅವರ ಕುರ್ಚಿಯಲ್ಲಿ, ಅವರ ಗಂಡನಿಗೆ ಒಂದು ಕಾಲದಲ್ಲಿ ಮೇಲಧಿಕಾರಿಯಾಗಿದ್ದ ಸಾಹೇಬರು ಕೂತಿದ್ದರು.

ಗುಮಾಸ್ತರು ಬರಿಗೈಯಲ್ಲಿ ಹೊರಗೆ ಬಂದು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು.

"ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತಂತೆ," ಎಂದು ಪಿಸುಗುಟ್ಟಿದರು.

"ಯಾರ ಮನೇಲಿದೀವಿ ರೀ ನಾವು?"

"ಮೆಲ್ಲಗೆ ಮಾತಾಡೇ. ಓದ್ತಿದಾರೆ."

ಇದಕ್ಕೆಲ್ಲ ಮೂಲ ಈ ಕಟ್ಟಡ. ಪೇಟೆಯ ನಟ್ಟನಡುವೆ ನಿಂತಿದ್ದ ವಿಮಾ ಕಂಪನಿಯ ಕಟ್ಟಡ ಇದು. ಒಂದು ಕಾಲಕ್ಕೆ ಬೆಳಗಾದರೆ ಇದರ ಲಿಫ್ಟಿನ ಮುಂದೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಆಮೇಲೆ ಕಂಪನಿಗಳೆಲ್ಲ ಒಂದರ ಹಿಂದೆ ಒಂದು ಗಂಟುಮೂಟೆ ಕಟ್ಟಿಕೊಂಡು ಊರ ಹೊರಗೆ ಹೋದವು. ಪೇಟೆಯಲ್ಲಿ ಉಳಿದದ್ದು ಖಾಲಿ ಮಹಡಿಗಳು, ಪಾರಿವಾಳಗಳು, 'ಬಾಡಿಗೆಗಿದೆ' ಎಂಬ ಮಾಸಿದ ಫಲಕಗಳು. ಕೊನೆಗೆ ಯಾರೋ ಪುಣ್ಯಾತ್ಮರು ಆಫೀಸುಗಳನ್ನೇ ಮನೆ ಮಾಡಿಬಿಡೋಣ ಎಂದು ಹೊರಟರು. ಹಳೆಯ ಕಂಬಗಳನ್ನೂ ಹಳೆಯ ಲಿಫ್ಟನ್ನೂ ಹಾಗೇ ಬಿಟ್ಟು, ನಡುನಡುವೆ ಗೋಡೆ ಎಬ್ಬಿಸಿ, ನೀರಿನ ಕೊಳವೆ ಎಳೆದು, ಜನ್ಮದಲ್ಲಿ ತೆರೆಯದಿದ್ದ ಗಾಜುಗಳ ಜಾಗದಲ್ಲಿ ತೆರೆಯುವ ಕಿಟಕಿ ಕೂರಿಸಿದರು. ಆಫೀಸಿನ ಮಹಡಿ ಎಂದರೆ ಮೈದಾನದ ಹಾಗೆ ಅಗಲ. ಹೊರಗಿನ ಬೆಳಕು ಅದರ ಹೊಟ್ಟೆಯವರೆಗೆ ಮುಟ್ಟುವುದಿಲ್ಲ. ಹೀಗಾಗಿ ಅಂಚಿನ ಮನೆ ಸಿಕ್ಕವರಿಗೆ ಬಿಸಿಲು, ಒಳಗಿನ ಮನೆ ಸಿಕ್ಕವರಿಗೆ ಟ್ಯೂಬ್‌ಲೈಟು ಎಂಬಂತಾಯಿತು.

ಟೀಚರಮ್ಮ ಅಂಚಿನ ಮನೆಗೇ ಹಟ ಹಿಡಿದರು. ಅದುವರೆಗೆ ಅವರು ಇದ್ದ ಬಾಡಿಗೆ ಮನೆಗಳಲ್ಲೆಲ್ಲ ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ ಕಾಣುತ್ತಿತ್ತು. ಶಾಲೆಯಲ್ಲಿ ಕಿಟಕಿಗಳಿದ್ದವು, ಆದರೆ ಅವುಗಳಿಂದಾಚೆ ನೋಡುವ ಮಕ್ಕಳನ್ನು ಬೈಯುವುದರಲ್ಲೇ ಅವರ ನೌಕರಿ ಮುಗಿದುಹೋಗಿತ್ತು. ಮಕ್ಕಳು ಅಷ್ಟು ಹೊತ್ತು ಅದೇನು ನೋಡುತ್ತಿದ್ದವೋ, ಇನ್ನು ನಾನು ನೋಡಬೇಕು ಎಂಬುದು ನಿವೃತ್ತಿಯ ಬಗ್ಗೆ ಅವರಿಗಿದ್ದ ಒಂದೇ ಒಂದು ಯೋಜನೆ.

ಮನೆ ನೋಡಲು ಬಂದ ದಿನ ಗುಮಾಸ್ತರು ಬಾಯಿಗೆ ಬೀಗ ಹಾಕಿಕೊಂಡವರಂತೆ ಹಿಂದೆ ಹಿಂದೆ ಬಂದಿದ್ದರು. ಏಳನೆಯ ಮಹಡಿ ಅವರು ನೌಕರಿಯ ಉದ್ದಕ್ಕೂ ದುಡಿದ ಮಹಡಿಯೇ. ಹಜಾರದ ನಡುವಿನ ಕಂಬವನ್ನು ಒಮ್ಮೆ ಸವರಿದರು. ಅದಕ್ಕೆ ಆನಿಸಿ ಅವರ ಮೇಜು ಇತ್ತಂತೆ. ಮೂಲೆಯ ಕೋಣೆಗೆ ಬಂದಾಗ ಮಾತ್ರ ಕಾಲು ನಿಂತುಬಿಟ್ಟಿತು. ಅಂಗಿಯ ಕಾಲರು ಸರಿಮಾಡಿಕೊಂಡು ಬಾಗಿಲು ತಟ್ಟಿದರು. ಒಳಗೆ ಯಾರೂ ಇರಲಿಲ್ಲ. ಮನೆ ತೋರಿಸಲು ಬಂದಿದ್ದ ಹುಡುಗಿ ಪಿಳಿಪಿಳಿ ನೋಡಿದಳು.

"ಇದು ಸಾಹೇಬರ ಕ್ಯಾಬಿನ್ನು ಕಣೇ," ಎಂದರು ಗುಮಾಸ್ತರು. ಬಾಗಿಲೂ ಮರದ ಗೋಡೆಯೂ ಗಟ್ಟಿಮುಟ್ಟಾಗಿವೆ ಎಂದು ಕಟ್ಟಡದವರು ಕೆಡವದೆ ಉಳಿಸಿದ್ದರು.

"ಆಗಿತ್ತು. ಇನ್ಮೇಲೆ ನಂದು," ಎಂದಿದ್ದರು ಟೀಚರಮ್ಮ.

ಮನೆಗೆ ಬಂದು, ಕಿಟಕಿಗೆ ಮುಖ ಮಾಡಿ ಕುರ್ಚಿ ಹಾಕಿಕೊಂಡು, ಅವರು ನೆಮ್ಮದಿಯಾಗಿ ಕೂತದ್ದು ಕೆಲವೇ ದಿನ. ಒಂದು ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ಬಾಗಿಲು ತೆಗೆದರೆ ಇಸ್ತ್ರಿಯಾದ ಅಂಗಿ ತೊಟ್ಟ, ಸಾಧಾರಣ ಎತ್ತರದ, ಸ್ವಲ್ಪ ಹೊಟ್ಟೆಯಿದ್ದ ಮುದುಕರೊಬ್ಬರು. ಇದೇ ಮಹಡಿಯ ಒಳಗಿನ ಮನೆಯವರು ಎಂದು ಪರಿಚಯ ಹೇಳಿಕೊಂಡರು. ಅಷ್ಟರಲ್ಲಿ ಹಿಂದಿನಿಂದ ಲೋಟವೊಂದು ಕೆಳಗೆ ಬಿದ್ದ ಸದ್ದಾಯಿತು. ಗುಮಾಸ್ತರು ಎದ್ದು ನಿಂತಿದ್ದರು.

ಟೀಚರಮ್ಮನಿಗೆ ನಿಜಕ್ಕೂ ನಿರಾಶೆಯಾಯಿತು. ಮದುವೆಯಾದಂದಿನಿಂದ ಅವರ ಮನೆಯಲ್ಲಿ ಸಾಹೇಬರ ಸುದ್ದಿ ಬಾರದ ಊಟವೇ ಇರಲಿಲ್ಲ. ಸಾಹೇಬರು ಹುಬ್ಬು ಏರಿಸಿದರೆ ಗುಮಾಸ್ತರಿಗೆ ಜ್ವರ, ಸಾಹೇಬರು ನಕ್ಕರೆ ಮನೆಯಲ್ಲಿ ಸಿಹಿ. ಆ ಸಾಹೇಬರು ಏನಿಲ್ಲವೆಂದರೂ ಬಾಗಿಲಿಗೆ ತಲೆ ತಗಲುವಷ್ಟಾದರೂ ಎತ್ತರ ಇರಬಹುದು ಎಂದು ಅವರು ತಿಳಿದಿದ್ದರು.

"ಸುಮ್ನೆ ಒಂದ್ಸಲ ನೋಡಿ ಹೋಗೋಣ ಅಂತ ಬಂದೆ ತಾಯಿ," ಎಂದರು ಸಾಹೇಬರು. ಕೋಣೆಯ ನಡುವೆ ನಿಂತು ಸುತ್ತ ಕಣ್ಣಾಡಿಸಿದರು. "ಮೇಜು ಇಲ್ಲಿತ್ತಲ್ವಾ ಇವರೇ?"

"ಇನ್ನೊಂಚೂರು ಈ ಕಡೆ ಸರ್," ಎಂದು ಗುಮಾಸ್ತರು ಆಗಲೇ ಟೀಚರಮ್ಮನ ಮೇಜನ್ನು ಎಳೆಯತೊಡಗಿದ್ದರು. ಕಿಟಕಿಯತ್ತ ಮುಖ ಮಾಡಿದ್ದ ಕುರ್ಚಿಯನ್ನು ತಿರುಗಿಸಿ ಬಾಗಿಲಿನತ್ತ ಮಾಡಿ ಮೇಜಿನ ಹಿಂದೆ ಇಟ್ಟದ್ದಾಯಿತು. ಸಾಹೇಬರು ಕೂತರು. ದೊಡ್ಡದೊಂದು ಉಸಿರು ಬಿಟ್ಟರು. ಗುಮಾಸ್ತರು ಮೇಜಿನ ಈಚೆ, ಕೈಕಟ್ಟಿ, ಯಾವ ಕೆಲಸವೂ ಇಲ್ಲದೆ ನಿಂತರು. ಇಬ್ಬರ ಮುಖದಲ್ಲೂ ಎಂಥದೋ ತೃಪ್ತಿ ಇತ್ತು.

ಮರುದಿನ ಆಫೀಸಿನ ವೇಳೆಗೆ ಸರಿಯಾಗಿ ಸಾಹೇಬರು ಮತ್ತೆ ಬಂದರು. ಅದರ ಮರುದಿನವೂ ಬಂದರು. ಗುಮಾಸ್ತರು ಮನೆಯಲ್ಲಿ ಹಾಕುವ ಹಳೆಯ ಅಂಗಿ ಬಿಟ್ಟು ಇಸ್ತ್ರಿ ಅಂಗಿ ತೊಡಲು ಶುರುಮಾಡಿದರು. ಸಾಹೇಬರು ಇರುವಷ್ಟು ಹೊತ್ತು ಸುತರಾಂ ಕೂರರು. ಊಟಕ್ಕೆ ಕರೆದರೆ, ಸಾಹೇಬರು ಎದ್ದ ಮೇಲೆ ಎಂಬ ಉತ್ತರ. ಸಂಜೆ ಕಾಲು ನೋವೆಂದು ಬಿಸಿನೀರಿನ ಬಕೆಟ್ಟಿನಲ್ಲಿ ಪಾದ ಇಳಿಬಿಟ್ಟು ಕೂರುತ್ತಿದ್ದರು.

"ಕಿಟಕಿಗೆ ಬೆನ್ನು ಹಾಕಿ ಕೂರೋರಿಗೆ ಕಿಟಕಿ ಕೋಣೆ ಯಾಕ್ರೀ ಬೇಕು? ನೀವು ಹೇಳ್ತೀರೋ, ನಾನೇ ಹೇಳ್ಲೋ?"

"ನೀನು ಹೇಳೋದು ಬೇಡ. ನಾನೇ ಹೇಳ್ತೀನಿ. ಹೇಳೋದಕ್ಕೂ ಒಂದು ಕ್ರಮ ಇರುತ್ತೆ."

ಕ್ರಮ ಕೂಡಿಬರಲು ಒಂದು ವಾರ ಹಿಡಿಯಿತು. ಗುಮಾಸ್ತರು ಹಜಾರದ ಕಂಬದ ಮುಂದೆ ನಿಂತು ಮಾತನ್ನು ಅಭ್ಯಾಸ ಮಾಡಿದರು. ಕಂಬದ ಎದುರು ಅವರ ಮಾತು ಖಡಕ್ಕಾಗಿಯೇ ಇತ್ತು. ಕೊನೆಗೊಂದು ದಿನ ಎರಡು ಲೋಟ ನೀರು ಕುಡಿದು, ಬಾಗಿಲು ತಟ್ಟಿ ಒಳಗೆ ಹೋದರು. ಟೀಚರಮ್ಮ ಮರದ ಗೋಡೆಗೆ ಕಿವಿ ಕೊಟ್ಟರೂ ಏನೂ ಕೇಳಿಸಲಿಲ್ಲ. ಹೊರಗೆ ಬಂದ ಗುಮಾಸ್ತರ ಮುಖದಲ್ಲಿ ಗೆದ್ದು ಬಂದ ಕಳೆಯಿತ್ತು.

"ಹೇಳ್ದೆ."

"ಏನಂದ್ರಿ?"

"ನೇರವಾಗಿ ಕೋಣೆ ವಿಷಯಕ್ಕೇ ಬಂದೆ. ಬೆಳಿಗ್ಗೆ ಹೊತ್ತು ಈ ಕೋಣೆ ಎಲ್ಲರಿಗೂ ಇಷ್ಟ ಆಗುತ್ತೆ ಸರ್ ಅಂದೆ. ಅದಕ್ಕಿಂತ ಬಿಡಿಸಿ ಹೇಳೋಕಾಗುತ್ತಾ?"

"ಅವರೇನಂದ್ರು?"

ಗುಮಾಸ್ತರು ಸ್ವಲ್ಪ ತಡವರಿಸಿದರು. "ಹೌದಲ್ವಾ ಅಂದ್ರು. ನಾಳೆಯಿಂದ ಇನ್ನೂ ಅರ್ಧ ಗಂಟೆ ಮುಂಚೇನೇ ಬರ್ತಾರಂತೆ."

ಟೀಚರಮ್ಮ ಸೌಟನ್ನು ಕೆಳಗಿಟ್ಟು ನೇರವಾಗಿ ಸಾಹೇಬರ ಮನೆಗೆ ಹೋದರು. ಅದು ಹಿಂದೆ ಹಳೆಯ ಕಡತಗಳನ್ನು ತುಂಬಿಡುತ್ತಿದ್ದ ಕೋಣೆ. ಹಾಡಹಗಲಲ್ಲೂ ದೀಪ ಬೇಕು. ಆ ದೀಪದ ಕೆಳಗೆ ಸಾಹೇಬರ ಹೆಂಡತಿ ಸೋಫಾದ ಮೇಲೆ ಕಾಲು ನೀಡಿ, ರೇಡಿಯೊ ಹಾಕಿಕೊಂಡು, ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದರು. ಲೋಕದಲ್ಲಿ ಇವರಷ್ಟು ಸುಖವಾಗಿರುವವರು ಇನ್ನೊಬ್ಬರಿಲ್ಲ ಎಂದು ಟೀಚರಮ್ಮನಿಗೆ ನೋಡಿದ ಕೂಡಲೇ ಅನಿಸಿತು.

"ನೀವು ಯಾಕೆ ಬಂದ್ರಿ ಅಂತ ನಂಗೊತ್ತು," ಎಂದು ಆಕೆ ಎದ್ದು ಕೂತು ಟೀಚರಮ್ಮನ ಕೈ ಹಿಡಿದುಕೊಂಡರು. "ನೋಡಿ ಟೀಚರ್, ನಾನು ಮದುವೆ ಆಗಿದ್ದು ಹಗಲೊತ್ತು ಮನೇಲಿ ಇಲ್ಲದ ಮನುಷ್ಯನ್ನ. ಸಂಜೆ ಬರೋರು, ಊಟ ಮಾಡೋರು, ಮಲಗೋರು. ಅಷ್ಟಕ್ಕೆ ನಾನು ಹೊಂದ್ಕೊಂಡು ಬಿಟ್ಟೆ. ಆಮೇಲೆ ಇದ್ದಕ್ಕಿದ್ದ ಹಾಗೆ ಇಡೀ ದಿನ ಮನೇಲಿ ಇರ್ತೀನಿ ಅಂದ್ರೆ ನಾನೇನು ಮಾಡ್ಲಿ? ಡಬ್ಬಿಗಳನ್ನ ಎತ್ತರದ ಪ್ರಕಾರ ಜೋಡಿಸು ಅಂತಾರೆ. ಕಸ ಗುಡಿಸೋಳನ್ನ ನಿಲ್ಲಿಸಿ ಪ್ರಶ್ನೆ ಕೇಳ್ತಾರೆ. ಅವಳು ಕೆಲಸ ಬಿಟ್ಟು ಹೋದ್ಲು."

"ಅದಕ್ಕೆ ನಮ್ಮನೇಲಿ ಇಟ್ಕೊಳ್ಳಕ್ಕಾಗುತ್ತಾ?"

"ಸಂಜೆವರೆಗೆ ಮಾತ್ರ ಟೀಚರ್. ನಿಮ್ಮ ದಮ್ಮಯ್ಯ."

ಜಗಳ ಆಡಲು ಹೋದ ಟೀಚರಮ್ಮ ಒಂದು ಮುಷ್ಟಿ ಕಡಲೆಕಾಯಿ ತಿಂದು ಹಿಂದಿರುಗಿದರು. ಆಕೆಯ ಮೇಲೆ ಸಿಟ್ಟು ಮಾಡಲು ಮನಸ್ಸೇ ಬರಲಿಲ್ಲ.

ಅದೇ ವಾರ ಇನ್ನೊಂದು ಪ್ರಸಂಗ ನಡೆಯಿತು. ಆಫೀಸಿನ ಕಾಲದಲ್ಲಿ ಆ ಮಹಡಿಯ ಶೌಚಾಲಯ ಓಣಿಯ ಕೊನೆಯಲ್ಲಿತ್ತು. ಈಗ ಅಲ್ಲೊಂದು ಪುಟ್ಟ ಮನೆ. ಒಬ್ಬಳು ನರ್ಸು ಇರುತ್ತಿದ್ದಳು. ಗುಮಾಸ್ತರ ಮನೆಯೊಳಗೇ ಎಲ್ಲ ಅನುಕೂಲವೂ ಇತ್ತು. ಆದರೆ ಇಸ್ತ್ರಿ ಅಂಗಿ ತೊಟ್ಟು ಸಾಹೇಬರ ಮುಂದೆ ನಿಂತು ನಿಂತು ಅವರ ಕಾಲುಗಳಿಗೆ ಯಾವ ಕಾಲ ನಡೆಯುತ್ತಿದೆ ಎಂಬುದೇ ಮರೆತುಹೋಗಿತ್ತು. ಕಾಫಿ ಆದ ಸ್ವಲ್ಪ ಹೊತ್ತಿಗೆ ಕ್ಯಾಬಿನ್ನಿನಿಂದ ಹೊರಬಿದ್ದು, ಮನೆಯ ಬಾಗಿಲು ದಾಟಿ, ಓಣಿಯ ಕೊನೆಯವರೆಗೆ ನಡೆದು, ನರ್ಸಿನ ಮನೆಯ ಬಾಗಿಲು ದೂಡಿದರು. ತೆರೆಯಲಿಲ್ಲ. ಒಳಗೆ ಯಾರೋ ಇರಬೇಕೆಂದು ಗೋಡೆಗೆ ಒರಗಿ ಸೌಜನ್ಯದಿಂದ ಕಾದರು. ತುಂಬ ಹೊತ್ತಾದ ಮೇಲೆ ಒಮ್ಮೆ ಕೆಮ್ಮಿದರು. ಪಾಳಿ ಮುಗಿಸಿ ಬಂದು ಮಲಗಿದ್ದ ನರ್ಸು ಕಣ್ಣುಜ್ಜಿಕೊಳ್ಳುತ್ತ ಬಾಗಿಲು ತೆರೆದು, "ಏನಾಗ್ಬೇಕಿತ್ತು ಅಂಕಲ್?" ಎಂದು ಕೇಳಿದಳು. ಏನಾಗಬೇಕಿತ್ತು ಎಂಬುದನ್ನು ಹೇಳುವುದು ಹೇಗೆ? ಗುಮಾಸ್ತರು ಅಲ್ಲಿಂದ ಕಂಬಿ ಕಿತ್ತರು.

"ಪಾಪ, ಪ್ರೆಶರ್ ಚೆಕ್ ಮಾಡಿಸ್ಕೊಳ್ಳಕ್ಕೆ ಬಂದಿದ್ರೇನೋ, ನಾಚಿಕೊಂಡು ಹೋದ್ರು," ಎಂದು ನರ್ಸು ಸಂಜೆ ಬಂದು ಹೇಳಿದಾಗ, ಅಲ್ಲಿ ಹಿಂದೆ ಏನಿತ್ತೆಂದು ಗೊತ್ತಿದ್ದ ಟೀಚರಮ್ಮ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ ಅವರಿಗೊಂದು ವಿಷಯ ಹೊಳೆಯಿತು. ತನ್ನ ಗಂಡ ಸಾಹೇಬರಿಗೆ ಹೆದರಿಕೊಂಡು ನಿಲ್ಲುತ್ತಿಲ್ಲ. ಪಿಂಚಣಿ ಬರುತ್ತಿದೆ, ಕಂಪನಿಯೇ ಇಲ್ಲಿಲ್ಲ, ಹೆದರಲು ಏನಿದೆ? ನಿಲ್ಲುತ್ತಿರುವುದು ಕಾಲು.

ಮರುದಿನ ಕಾಫಿ ಕೊಡಲು ಟೀಚರಮ್ಮನೇ ಒಳಗೆ ಹೋದರು. ಸಾಹೇಬರು ಒಳ್ಳೆಯ ಲಹರಿಯಲ್ಲಿದ್ದರು.

"ಈ ಕುರ್ಚಿ ನಂಗೇನು ಸುಮ್ನೆ ಸಿಕ್ತು ಅಂದ್ಕೊಂಡ್ರಾ ತಾಯಿ? ನನಗಿಂತ ಮುಂಚೆ ದೊಡ್ಡ ಸಾಹೇಬರು ಅಂತ ಒಬ್ಬರಿದ್ರು. ಇವರು ಈಗ ನಿಂತಿದಾರಲ್ಲ, ಅದೇ ಜಾಗದಲ್ಲಿ ನಾನು ನಿಂತಿದೀನಿ. ಅವರು ತಲೆ ಎತ್ತೋವರೆಗೆ ಉಸಿರಾಡ್ತಿರಲಿಲ್ಲ." ಸಾಹೇಬರು ಮೇಜನ್ನು ಪ್ರೀತಿಯಿಂದ ತಟ್ಟಿದರು. ಅದು ಟೀಚರಮ್ಮ ತರಕಾರಿ ಹೆಚ್ಚಲೆಂದು ಕೊಂಡ ಮೇಜು. "ಮೇಜಿನ ಆಚೆ ಯಾರು ಕೂತಿದಾರೆ ಅನ್ನೋದಲ್ಲ. ಆಚೆ ಕೂತಿದಾರೆ ಅನ್ನೋದೇ ಮುಖ್ಯ."

ಟೀಚರಮ್ಮ ಖಾಲಿ ಕಪ್ಪು ಎತ್ತಿಕೊಂಡು ಹೊರಗೆ ಬಂದರು. ಆ ರಾತ್ರಿ ಅವರಿಗೆ ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಬೇಗ ಎದ್ದು, ಶಾಲೆಗೆ ಹೊರಡುವಾಗಿನಂತೆ ತಲೆ ಬಾಚಿ, ಕನ್ನಡಕ ಏರಿಸಿ, ಹೋಗಿ ಮೇಜಿನ ಹಿಂದೆ ಕೂತರು. ಮುಂದೆ ಪೇಪರು ಹರಡಿಕೊಂಡು ಕೈಯಲ್ಲಿ ಕೆಂಪು ಪೆನ್ನು ಹಿಡಿದರು. ಕರೆಗಂಟೆ ಸದ್ದಾಯಿತು. ಗುಮಾಸ್ತರ "ಬನ್ನಿ ಸರ್, ಬನ್ನಿ" ಕೇಳಿಸಿತು. ಬಾಗಿಲು ತೆರೆಯಿತು. ಟೀಚರಮ್ಮ ತಲೆ ಎತ್ತಲಿಲ್ಲ.

ಸಾಹೇಬರು ಒಂದು ಕಾಲು ಒಳಗಿಟ್ಟಿದ್ದರು. ಎದುರಿಗೆ ಮೇಜು, ಅದರಾಚೆ ಬಗ್ಗಿಸಿದ ತಲೆ, ಕಾಗದದ ಮೇಲೆ ಓಡುತ್ತಿರುವ ಪೆನ್ನು. ಇಟ್ಟ ಕಾಲು ತಾನಾಗಿ ಹಿಂದಕ್ಕೆ ಹೋಯಿತು. ಎಡಗೈ ಬಲಗೈಯನ್ನು ಹುಡುಕಿ ಹಿಡಿದುಕೊಂಡಿತು. "ಬರಬಹುದಾ?" ಎಂಬ ಮಾತು ಬಾಯಿಂದ ಹೊರಬಿದ್ದಾಗ ಅತ್ಯಂತ ಆಶ್ಚರ್ಯವಾದದ್ದು ಸಾಹೇಬರಿಗೇ.

"ಹೂಂ," ಎಂದರು ಟೀಚರಮ್ಮ.

ಇಬ್ಬರೂ ಬಂದು ಮೇಜಿನ ಮುಂದೆ ನಿಂತರು. ಟೀಚರಮ್ಮ ಪೇಪರಿನಲ್ಲಿ ಒಂದು ಸಾಲಿಗೆ ಗೆರೆ ಎಳೆದರು. ಇನ್ನೊಂದು ಸಾಲಿಗೂ ಎಳೆದರು. ತಡವಾಗಿ ಬಂದ ಮಕ್ಕಳನ್ನು ಎಷ್ಟು ಹೊತ್ತು ಹಾಗೇ ಬಿಟ್ಟರೆ ಬೆವರು ಇಳಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆ ಮೌನದಲ್ಲಿ ಗುಮಾಸ್ತರು ಸಾಹೇಬರ ಕಡೆ ಬಾಗಿ ಪಿಸುಗುಟ್ಟಿದ್ದು ಸ್ಪಷ್ಟವಾಗಿ ಕೇಳಿಸಿತು.

"ಸರ್, ಸ್ವಲ್ಪ ಈ ಕಡೆ ಬನ್ನಿ. ಅಲ್ಲಿ ಎ.ಸಿ. ಗಾಳಿ ನೆತ್ತಿಗೆ ಹೊಡೆಯುತ್ತೆ. ಭಾರ ಒಂದೇ ಕಾಲಿನ ಮೇಲೆ ಬಿಡಬೇಡಿ, ಬದಲಾಯಿಸ್ತಾ ಇರಿ."

ಎ.ಸಿ. ಕಿತ್ತುಹಾಕಿ ಎಷ್ಟೋ ಕಾಲವಾಗಿತ್ತು. ಸಾಹೇಬರು ಪಕ್ಕಕ್ಕೆ ಸರಿದು ನಿಂತರು.

"ಏನು ವಿಷಯ?" ಎಂದರು ಟೀಚರಮ್ಮ ತಲೆ ಎತ್ತಿ.

"ಏನಿಲ್ಲ... ಹೀಗೇ ಬಂದೆ."

"ಹೀಗೇ ಬಂದ್ರಿ." ಅವರು ಪೆನ್ನಿನ ಮುಚ್ಚಳ ಹಾಕಿದರು. "ಅಡುಗೆಮನೆ ನಲ್ಲಿ ತೊಟ್ಟಿಕ್ತಾ ಇದೆ. ಇವತ್ತೇ ಆಗ್ಬೇಕು."

"ಆಗುತ್ತೆ ಮೇಡಂ," ಎಂದರು ಸಾಹೇಬರು. ಹಜಾರಕ್ಕೆ ಬಂದ ಕೂಡಲೇ ಅಭ್ಯಾಸಬಲದಿಂದ ಗುಮಾಸ್ತರ ಕಡೆ ತಿರುಗಿ, "ನೋಡಿ ಇವರೇ, ಆ ನಲ್ಲಿದೊಂದು..." ಎಂದು ಶುರುಮಾಡಿದರು.

"ಇಬ್ಬರಿಗೂ ಸೇರಿಸಿ ಹೇಳಿದಾರೆ ಸರ್," ಎಂದರು ಗುಮಾಸ್ತರು ವಿನಯದಿಂದ.

ಸಾಹೇಬರು ಇನ್ನು ಬರಲಿಕ್ಕಿಲ್ಲ ಎಂದು ಟೀಚರಮ್ಮ ತಿಳಿದಿದ್ದರು. ಆದರೆ ಮರುದಿನವೂ ವೇಳೆಗೆ ಸರಿಯಾಗಿ ಬಂದು ಬಾಗಿಲು ತಟ್ಟಿದರು. ಮುಖದಲ್ಲಿ ಲವಲವಿಕೆಯಿತ್ತು. ಇನ್ನೊಬ್ಬರಿಂದ ಕೆಲಸ ಹೇಳಿಸಿಕೊಳ್ಳುವುದು ತಪ್ಪಿ ಹೋಗಿ ಅವರಿಗೆ ಬಹಳ ವರ್ಷವಾಗಿತ್ತೇನೋ. ಆ ವಾರ ಪರದೆಗಳು ತೂಗುಬಿದ್ದವು, ಕುಂಟುತ್ತಿದ್ದ ಸ್ಟೂಲಿನ ಕಾಲು ನೆಟ್ಟಗಾಯಿತು, ಕಪಾಟಿನ ಮೇಲಿನ ದೂಳು ಹೋಯಿತು. ಸಾಹೇಬರು ಬಟಾಣಿ ಸುಲಿಯುವುದರಲ್ಲಿ ಪಳಗಿದರು. ಅವರ ಹೆಂಡತಿ ಓಣಿಯಲ್ಲಿ ಸಿಕ್ಕಿ, "ಟೀಚರ್, ನಿನ್ನೆ ನಮ್ಮನೇಲಿ ತಾವಾಗೇ ಬಟ್ಟೆ ಒಣಗಿಸಿದ್ರು. ಅದೇನು ಮಾಡಿದ್ರಿ ನೀವು?" ಎಂದು ಬೆರಗಾಗಿ ಕೇಳಿದರು. ಟೀಚರಮ್ಮ ಹಿಗ್ಗಿಹೋದರು. ಇಷ್ಟು ಸುಖವಿದೆ ಎಂದು ತಿಳಿದಿದ್ದರೆ ಹೆಡ್‌ಮಿಸ್ಟ್ರೆಸ್ ಹುದ್ದೆ ಬಂದಾಗ ಬೇಡ ಅನ್ನುತ್ತಿರಲಿಲ್ಲ ಎಂದೂ ಅನಿಸಿತು.

ಒಂದು ದಿನ ಹೊರಗೆ ಗುಡುಗಿದಂತಾಯಿತು. ಮೇಲಿನ ತಾರಸಿಯಲ್ಲಿ ಬಟ್ಟೆ ಒಣಗಿಸಿದ್ದು ಟೀಚರಮ್ಮನಿಗೆ ನೆನಪಾಯಿತು. ಎದುರಿಗೆ ನಿಂತಿದ್ದ ಗಂಡನನ್ನು ಕೇಳಿದರು:

"ಮೋಡ ಆಗಿದೆಯೇನ್ರೀ?"

ಗುಮಾಸ್ತರು ಕಿಟಕಿಗೆ ಮುಖ ಮಾಡಿಯೇ ನಿಂತಿದ್ದರು. ಅವರ ಕನ್ನಡಕದ ಗಾಜಿನಲ್ಲಿ ಇಡೀ ಕಿಟಕಿ ಕಾಣುತ್ತಿತ್ತು.

"ಗಮನಿಸಿಲ್ಲ ಮೇಡಂ. ನೋಡಿ ಹೇಳ್ಲಾ?"

ಟೀಚರಮ್ಮನ ಕೈಯಲ್ಲಿದ್ದ ಪೆನ್ನು ನಿಂತಿತು. "ಏನಂದ್ರಿ ನನ್ನ?"

"ಮೇಡಂ ಅಂ..." ಗುಮಾಸ್ತರು ಅರ್ಧಕ್ಕೆ ನಿಲ್ಲಿಸಿದರು. ಏನೋ ತಪ್ಪಾಗಿದೆ ಎಂದು ಅವರಿಗೆ ತಿಳಿಯಿತು. ಏನು ಎಂದು ತಿಳಿಯಲಿಲ್ಲ. ತಪ್ಪಾದಾಗ ಮಾಡುವಂತೆ ಇನ್ನಷ್ಟು ನೆಟ್ಟಗೆ ನಿಂತರು.

ಟೀಚರಮ್ಮ ಪೆನ್ನು ಕೆಳಗಿಟ್ಟು ಗಂಡನನ್ನು ನೋಡಿದರು. ಮದುವೆಯಾದ ಹೊಸದರಲ್ಲಿ "ಏ ಇವಳೇ" ಎಂದು ಮನೆಯೆಲ್ಲ ಕೇಳುವಂತೆ ಕೂಗುತ್ತಿದ್ದ ಮನುಷ್ಯ. ಕಾಫಿ ಸರಿಯಾಗಿಲ್ಲದಿದ್ದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದ, ಹಾಸಿಗೆಯಲ್ಲಿ ಅಡ್ಡಡ್ಡ ಮಲಗುತ್ತಿದ್ದ ಮನುಷ್ಯ. ಮೊನ್ನೆ ಊಟಕ್ಕೆ ಹೋಗಬಹುದಾ ಎಂದು ಕೇಳಿದ್ದು ತಮಾಷೆಗಾಗಿ ಎಂದು ಅವರು ತಿಳಿದಿದ್ದರು. ಅದು ತಮಾಷೆಯಾಗಿರಲಿಲ್ಲ. ಸಾಹೇಬರಿಂದ ಕೋಣೆ ಬಿಡಿಸಿಕೊಂಡದ್ದೇನೋ ಸರಿ; ಗಂಡನನ್ನು ಮಾತ್ರ ಅಲ್ಲೇ, ಮೇಜಿನ ಈಚೆಯೇ ನಿಲ್ಲಿಸಿಕೊಂಡಿದ್ದರು. ಮೇಲಾಗಿ, ಈ ಗದ್ದಲದಲ್ಲಿ ತಾನೂ ಕಿಟಕಿಯಾಚೆ ನೋಡಿಯೇ ಇಲ್ಲ ಎಂಬುದೂ ಆಗಲೇ ಹೊಳೆದದ್ದು. ಕಿಟಕಿ ಬೆನ್ನ ಹಿಂದಿತ್ತು. ಬಂದದ್ದು ಬೆನ್ನಿಗೆ ಬಿಸಿಲು ಮಾತ್ರ.

"ಸಾಹೇಬರೇ, ಇಷ್ಟು ವರ್ಷ ಇಲ್ಲಿದ್ರಲ್ಲ, ಈ ಕಿಟಕಿಯಿಂದ ಏನು ಕಾಣಿಸುತ್ತೆ?"

ಬಟಾಣಿ ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದ ಸಾಹೇಬರು ಯೋಚಿಸಿದರು. ಬಹಳ ಹೊತ್ತು ಯೋಚಿಸಿದರು. "ಗೊತ್ತಿಲ್ಲ," ಎಂದರು ಕೊನೆಗೆ. "ಕೂತಾಗ ಕಿಟಕಿ ಬೆನ್ನಿಗಿರ್ತಿತ್ತು. ತಿರುಗಿ ನೋಡಿದ್ರೆ, ಎದುರಿಗೆ ನಿಂತಿರೋರು ಏನಂದ್ಕೋತಾರೆ? ಕೆಲಸ ಇಲ್ಲ ಇವನಿಗೆ ಅಂದ್ಕೊಳ್ಳಲ್ವಾ?"

"ನಾವೂ ನೋಡೋ ಹಾಗಿರ್ಲಿಲ್ಲ ಸರ್," ಎಂದರು ಗುಮಾಸ್ತರು. "ನೀವು ಯಾವಾಗ ತಲೆ ಎತ್ತುತೀರೋ. ನೀವು ಎತ್ತಿದಾಗ ನಮ್ಮ ಕಣ್ಣು ನಿಮ್ಮ ಮೇಲಿರಬೇಕಿತ್ತು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಇಬ್ಬರೂ ಪೆಚ್ಚಾದಂತೆ ಕಂಡಿತು.

ಟೀಚರಮ್ಮ ಎದ್ದರು. ಕುರ್ಚಿಯ ಬೆನ್ನು ಹಿಡಿದು ಎಳೆದರು. ಅದರ ಕಾಲುಗಳು ನೆಲಕ್ಕೆ ಕಿರ್ರೆಂದು ಉಜ್ಜಿದವು. ಕುರ್ಚಿಯನ್ನು ಪೂರ್ತಿ ತಿರುಗಿಸಿ, ಕಿಟಕಿಯ ಹತ್ತಿರಕ್ಕೆ ದೂಡಿ, ಮೇಜಿಗೂ ಮೇಜಿನ ಮುಂದೆ ನಿಂತವರಿಗೂ ಬೆನ್ನು ಹಾಕಿ ಕೂತುಬಿಟ್ಟರು.

ಕುರ್ಚಿಯ ಬೆನ್ನ ಮುಂದೆ ಹೇಗೆ ನಿಲ್ಲುವುದು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಸಾಹೇಬರು ಒಮ್ಮೆ ಗಂಟಲು ಸರಿಮಾಡಿಕೊಂಡರು. ಗುಮಾಸ್ತರು ಕಾಲು ಬದಲಾಯಿಸಿದರು.

"ನಾನು ಕಿಟಕಿ ನೋಡ್ತಿದೀನಿ," ಎಂದರು ಟೀಚರಮ್ಮ ತಿರುಗದೆ. "ನೋಡೋದಾದ್ರೆ ನೀವೂ ಕುರ್ಚಿ ತಗೊಂಡ್ಬನ್ನಿ. ನಿಂತು ನೋಡೋ ಹಾಗಿಲ್ಲ."

ಮೊದಲು ಬಂದದ್ದು ಸಾಹೇಬರ ಕುರ್ಚಿ. ಅವರು ಬಟಾಣಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಟೀಚರಮ್ಮನ ಎಡಕ್ಕೆ ಕೂತರು. ಗುಮಾಸ್ತರು ಸ್ಟೂಲು ತಂದರು. ಅದನ್ನು ಟೀಚರಮ್ಮನ ಬಲಕ್ಕೆ, ಸಾಹೇಬರಿಗೆ ಕಾಣದಷ್ಟು ಹಿಂದಕ್ಕೆ ಇಟ್ಟರು. ಟೀಚರಮ್ಮ ಕೈಚಾಚಿ ಸ್ಟೂಲನ್ನು ಮುಂದಕ್ಕೆ ಎಳೆದರು. ಗುಮಾಸ್ತರು ಅದರ ಅಂಚಿಗೆ, ಕೂತಂತೆಯೂ ಅಲ್ಲ ನಿಂತಂತೆಯೂ ಅಲ್ಲ ಎಂಬ ಹಾಗೆ ಒರಗಿದರು.

ಕೆಳಗೆ ಬೀದಿ. ಬೀದಿಯಾಚೆ ಇಂಥದೇ ಇನ್ನೊಂದು ಕಟ್ಟಡ, ಅದೂ ಹಳೆಯ ಆಫೀಸೇ. ಅದನ್ನೂ ಮನೆ ಮಾಡುತ್ತಿದ್ದರು. ಅಲ್ಲೊಂದು ಮಹಡಿಯಲ್ಲಿ ಯಾರೋ ಆಗಲೇ ಸಂಸಾರ ಹೂಡಿ ಕಿಟಕಿಗೆ ಹೂವಿನ ಕುಂಡ ಇಟ್ಟಿದ್ದರು. ಇವರ ನೇರಕ್ಕಿದ್ದ ಮಹಡಿಗೆ ಇನ್ನೂ ಗಾಜು ಕೂರಿಸಿರಲಿಲ್ಲ. ಬೋಳು ನೆಲದ ಮೇಲೆ ಬಣ್ಣದ ಡಬ್ಬಿಗಳನ್ನು ಬೋರಲು ಹಾಕಿಕೊಂಡು ಬಣ್ಣ ಹೊಡೆಯುವವರಿಬ್ಬರು ಕೂತು ಬುತ್ತಿ ತಿನ್ನುತ್ತಿದ್ದರು. ಮೋಡ ಇತ್ತು. ಆದರೆ ಮಳೆ ಬರುವ ಮೋಡವಲ್ಲ.

"ಅಲ್ಲಿ ನಮ್ಮ ಎದುರು ಕಂಪನಿಯವರಿದ್ರು," ಎಂದರು ಸಾಹೇಬರು. "ಅವರ ಮ್ಯಾನೇಜರ್ ಹೇಗಿದ್ದ ಅಂತ ಒಂದಿನಾನೂ ನೋಡ್ಲಿಲ್ಲ."

ಅಷ್ಟರಲ್ಲಿ ಬಣ್ಣದವರಲ್ಲಿ ಒಬ್ಬ ತಲೆ ಎತ್ತಿದ. ಎದುರಿನ ಕಿಟಕಿಯಲ್ಲಿ ಕನ್ನಡಕದ ಮೂವರು ಸಾಲಾಗಿ ಕುರ್ಚಿ ಹಾಕಿಕೊಂಡು ತಮ್ಮನ್ನೇ ನೋಡುತ್ತಿದ್ದಾರೆ. ಅವನು ಪಕ್ಕದವನನ್ನು ತಿವಿದ. ಇಬ್ಬರೂ ಬುತ್ತಿ ಮುಚ್ಚಿ ಧಡಕ್ಕನೆ ಎದ್ದು, ಬ್ರಷ್ ಎತ್ತಿಕೊಂಡು ಗೋಡೆಯ ಕಡೆ ತಿರುಗಿದರು.

"ಅಯ್ಯೋ, ಯಾಕೆ ಎದ್ರು ಪಾಪ," ಎಂದರು ಗುಮಾಸ್ತರು. ಅಂಗೈಯನ್ನು ಕೆಳಗೆ ಮಾಡಿ, ಕೂತ್ಕೊಳ್ಳಿ ಕೂತ್ಕೊಳ್ಳಿ ಎಂದು ಗಾಳಿಯನ್ನು ಒತ್ತಿದರು. ಬಣ್ಣದವರು ಅದನ್ನು ನೋಡಿ ಇನ್ನಷ್ಟು ಬೇಗ ಬೇಗ ಬ್ರಷ್ ಆಡಿಸಿದರು. ಗುಮಾಸ್ತರು ಎರಡೂ ಕೈ ಎತ್ತಿದರು. ಅವರಲ್ಲೊಬ್ಬ ಏಣಿಯನ್ನೇ ಹತ್ತಿದ.

ಸಾಹೇಬರಿಗೆ ಇದನ್ನು ನೋಡಲಾಗಲಿಲ್ಲ. ಬುಟ್ಟಿಯನ್ನು ಕೆಳಗಿಟ್ಟು ಎದ್ದು ನಿಂತರು. ಕಿಟಕಿಯ ಚಿಲಕವನ್ನು ತಡಕಾಡಿ ತೆಗೆದರು. ಗಾಜು ತೆರೆದದ್ದೇ ತಡ, ಬೀದಿಯ ಸದ್ದೂ ಗಾಳಿಯೂ ಒಟ್ಟಿಗೇ ಒಳಗೆ ನುಗ್ಗಿದವು. ಸಾಹೇಬರು ತಲೆ ಹೊರಗೆ ಹಾಕಿದರು.

"ಕೂತ್ಕೊಳ್ರಪ್ಪಾ," ಎಂದು ಕೂಗಿದರು. "ಊಟ ಮಾಡಿ. ನಾವು ಯಾರೂ ಅಲ್ಲ. ಸುಮ್ನೆ ನೋಡ್ತಿದೀವಿ."

"ಕೇಳಿಸಿಲ್ಲ ಅನ್ಸುತ್ತೆ ಸರ್. ಇನ್ನೊಂಚೂರು ಜೋರಾಗಿ ಹೇಳಿ."

ಮಾತು ಬಂದದ್ದು ಟೀಚರಮ್ಮನ ಬಲಗಡೆಯಿಂದ, ಅವರ ಭುಜದ ಎತ್ತರದಿಂದಲೇ. ಅವರು ಓರೆಗಣ್ಣಿನಲ್ಲಿ ಆ ಕಡೆ ನೋಡಿದರು. ಸಾಹೇಬರು ನಿಂತಿದ್ದರು. ಗುಮಾಸ್ತರು ಸ್ಟೂಲಿನ ತುಂಬ ಕೂತು, ಒಂದು ಕಾಲನ್ನು ಕಿಟಕಿಯ ಕಟ್ಟೆಯ ಕೆಳಗೆ ಉದ್ದಕ್ಕೆ ಚಾಚಿದ್ದರು. ಕುತ್ತಿಗೆ ನೀಡಿ ಆಚೆ ನೋಡುವುದರಲ್ಲಿ ಮೈಮರೆತಿದ್ದರು. ಟೀಚರಮ್ಮ ಉಸಿರೆತ್ತದೆ ಮುಖವನ್ನು ಮತ್ತೆ ಕಿಟಕಿಯತ್ತ ತಿರುಗಿಸಿದರು.

ಸಾಹೇಬರು ಇನ್ನೊಮ್ಮೆ ಕೂಗಿದರು. ಆಚೆ, ಏಣಿ ಹತ್ತಿದವನು ಮೆಲ್ಲಗೆ ಇಳಿದ. ಇಬ್ಬರೂ ತಮ್ಮೊಳಗೆ ಏನೋ ಮಾತಾಡಿಕೊಂಡರು. ಆಮೇಲೆ ಅವರಲ್ಲಿ ಕಿರಿಯವನು, ಈ ಕಡೆಯಿಂದ ಕಣ್ಣು ತೆಗೆಯದೆ, ಒಂದು ಕೈಯಿಂದ ಹಿಂದೆ ಡಬ್ಬಿ ಎಲ್ಲಿದೆ ಎಂದು ತಡವಿ ನೋಡಿ, ಅದರ ಮೇಲೆ ಕೂತ.